ಎಂಜಿನ್ ಮೇಲೆ ಒಡೆದ ಕಾಯಿ

ಮಹಾನಂದಾಳ ಪ್ರಕಾರ ಲೋಕದಲ್ಲಿ ಗಂಡಸರು ಎರಡೇ ನಮೂನೆ. ಗಾಡಿ ಕೆಟ್ಟರೆ ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನೋಡುವವರು ಒಂದು. ಬಾನೆಟ್ಟನ್ನೂ ಎತ್ತದೆ ಟಾಯರಿಗೆ ಒದೆಯುವವರು ಇನ್ನೊಂದು. ಮೂರನೆಯ ನಮೂನೆಯವನೂ ಎಲ್ಲೋ ಒಬ್ಬ ಇರಬಹುದು ಎಂದು ಯಾರಾದರೂ ಹೇಳಿದರೆ, “ಕರ್ಕೊಂಡ ಬರ್ರಿ, ನೋಡೂಣು” ಎನ್ನುತ್ತಿದ್ದಳು. ಇದುವರೆಗೂ ಯಾರೂ ಕರೆತಂದಿರಲಿಲ್ಲ.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯ ಬದಿಗೆ ಅವಳ ತಗಡಿನ ಅಂಗಡಿ. ಅದು ಅಪ್ಪ ಶಟ್ಟೆಪ್ಪನದು. ಗಾಡಿಗಳ ವಾಯರಿಂಗ್ ಕೆಲಸದಲ್ಲಿ ಆಯುಷ್ಯ ಕಳೆದ ಮನುಷ್ಯ. ಕಣ್ಣು ಮಂಜಾಗಿ ಸಣ್ಣ ವಾಯರುಗಳು ಕಾಣದಾದಾಗ ಮಗಳು ಟೆಸ್ಟರ್ ಕೈಗೆತ್ತಿಕೊಂಡಳು. ಮೊದಮೊದಲು ಜನ ನಕ್ಕರು. ಆಮೇಲೆ ಕಿತ್ತೂರು, ಸವದತ್ತಿ, ರಾಮದುರ್ಗದ ಗ್ಯಾರೇಜಿನವರೇ ತಮ್ಮ ಕೈಲಾಗದ ಗಾಡಿಗಳನ್ನು ಅವಳ ಬಾಗಿಲಿಗೆ ಕಳಿಸತೊಡಗಿದರು. ಮಹಾನಂದಾ ಮುಟ್ಟಿದ ಗಾಡಿ ಅದೇ ಕೆಲಸಕ್ಕೆ ತಿರುಗಿ ಬರೋದಿಲ್ಲ ಎಂದು ಒಂದು ಹೆಸರಾಯಿತು. ಹೊಲವಿಲ್ಲ, ಬಂಗಾರವಿಲ್ಲ, ಆ ಹೆಸರೊಂದೇ ಅವಳ ಆಸ್ತಿ. ಅದನ್ನು ಅವಳು ಹಾವು ನಿಧಿ ಕಾಯ್ದಂತೆ ಕಾಯುತ್ತಿದ್ದಳು.

ನೋಡಲು ಬಂದ ವರಗಳೆಲ್ಲ ಅವಲಕ್ಕಿ ತಿಂದು, ಚಹಾ ಕುಡಿದು, ಒಂದೇ ಪ್ರಶ್ನೆ ಕೇಳುತ್ತಿದ್ದರು: “ಮದಿವಿ ಆದ ಮ್ಯಾಲ ಇದನ್ನ ಬಿಡ್ತೀರಲ್ಲ?” ಮಹಾನಂದಾ ಅವರನ್ನು ಬಾಗಿಲತನಕ ಬಿಟ್ಟು ಬರುತ್ತಿದ್ದಳು.

ದೀಪಾವಳಿ ಮುಗಿದ ಮೇಲಿನ ಒಂದು ಮುಂಜಾನೆ ಅವಳು ಜೀಪೊಂದರ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮಲಗಿದ್ದಾಗ, ಹೊರಗೆ ಒಂದು ಬಿಳಿ ಕಾರು ಬಂದು ನಿಂತಿತು.

“ಮಿಸ್ತ್ರಿ ಎಲ್ಲದಾರ್ರಿ?”

“ನಿಮ್ಮ ಮುಂದ ಅದಾರ. ಕಾಲ ಕಾಣವಲ್ವೇನ?”

“ಕಾಲ ಕಾಣಾಕತ್ತಾವ್ರಿ. ಮಾರಿ ಕಂಡ್ರ ನಮಸ್ಕಾರ ಮಾಡಬೇಕಂತ ನಿಂತೇನಿ.”

ಅವಳು ಹೊರಗೆ ಬಂದಳು. ಎದುರಿಗೆ ನಿಂತವನು ನಿಜವಾಗಿಯೂ ಕೈಜೋಡಿಸಿದ್ದ. ಅಂಗಿಯ ತೋಳಿನ ಮಡಿಕೆಯಲ್ಲಿ ಶೇಂಗಾ ಹಿಂಡಿಯ ಪುಡಿ, ಹುಬ್ಬಿನ ಮೇಲೂ ಅದೇ ಪುಡಿ. ದೊಡವಾಡದಲ್ಲಿ ದನದ ಹಿಂಡಿ-ಹೊಟ್ಟಿನ ಅಂಗಡಿಯಂತೆ. ಹೆಸರು ಕಲ್ಮೇಶ. ಹೆಣ್ಣು ಮಿಸ್ತ್ರಿಯನ್ನು ಕಂಡವರ ಮುಖದಲ್ಲಿ ಮೂಡುವ ಆ ಹಲ್ಕಾ ನಗೆ ಇವನ ಮುಖದಲ್ಲಿ ಮೂಡಲಿಲ್ಲ. ಅದಕ್ಕೆ ಮಹಾನಂದಾಳಿಗೆ ಸ್ವಲ್ಪ ನಿರಾಶೆಯೇ ಆಯಿತು. ಬೈಗುಳ ತಯಾರಿತ್ತು.

ಕಾರಿನೊಳಗೆ ಬಗ್ಗಿ ನೋಡಿದಾಗ ಬೈಯಲು ಬೇರೆ ಕಾರಣ ಸಿಕ್ಕಿತು. ಮೀಟರಿನ ಮೇಲೆ ಒಂದು ಕಡೆ ಕರಿ ಟೇಪಿನ ತುಂಡು ಅಂಟಿಸಿತ್ತು.

“ಇದೇನಿದು?”

“ಎಂಜಿನ್ ಲೈಟ್ ಹತ್ತತಿತ್ರಿ. ಕಿತ್ತೂರಾಗ ಮಾಂತೇಶ ಮಿಸ್ತ್ರಿ ಹೊಸಾ ಆಕ್ಸಿಜನ್ ಸೆನ್ಸರ್ ಹಾಕಿದ್ರು. ಮತ್ತೂ ಹತ್ತಿತು. ಕಡೀಕ ಇದು ಬರೇ ಲೈಟಿಂದ ದೋಷ ಅಂತ ಹೇಳಿ ಟೇಪ್ ಹಚ್ಚಿದ್ರು.”

“ಜ್ವರಾ ಬಂದ್ರ ಥರ್ಮಾಮೀಟರ್ ಒಡೀತಾನೇನ ಆ ಮಾಂತೇಶ? ಮತ್ತ ನೀವು? ಸುಮ್ಮ ಹಚ್ಚಿಸ್ಕೊಂಡ ಬಂದ್ರಿ?”

“ಮಿಸ್ತ್ರಿ ಹೇಳಿದ್ರಲ್ರಿ.”

“ಮಿಸ್ತ್ರಿ ಬಾವಿಗೆ ಹಾರು ಅಂದ್ರ ಹಾರ್ತೀರೇನ?”

ಕಲ್ಮೇಶ ವಿಚಾರ ಮಾಡಿದ. ಆಮೇಲೆ ಅವಳ ಕಣ್ಣಿಗೆ ಕಣ್ಣು ಕೊಟ್ಟು, ಬಹಳ ಶಾಂತವಾಗಿ ಹೇಳಿದ: “ಯಾವ ಮಿಸ್ತ್ರಿ ಅನ್ನೂದರ ಮ್ಯಾಲ ಐತ್ರಿ.”

ಒಳಗಿನಿಂದ ಶಟ್ಟೆಪ್ಪ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಮಹಾನಂದಾಳಿಗೆ ಗೊತ್ತಿತ್ತು.

ಅವಳು ಟೇಪನ್ನು ಪರಕ್ಕನೆ ಕಿತ್ತಳು. ಹಳದಿ ಲೈಟು ಕೆಳಗೆ ಉರಿಯುತ್ತಲೇ ಇತ್ತು.

“ಇದು ಎಂದ ಸರಿ ಆಗಬೇಕ ನಿಮಗ?”

“ಲಗೂನ ಆದ್ರ ಛಲೋ ಅಂತಾಳ ನಮ್ಮವ್ವ. ಈ ಲೈಟ್ ಹತ್ತಿದ ಗಾಡ್ಯಾಗ ಆಕಿ ಕುಂದ್ರೂದಿಲ್ಲ. ಯಾರೂ ಹಚ್ಚದ ತಾನ ಹತ್ತಿದ ದೀಪ ಅಪಶಕುನ, ಯಲ್ಲಮ್ಮ ಸಿಟ್ಟಾಗ್ಯಾಳ ಅಂತಾಳ. ಟೇಪ್ ಎತ್ತಿ ಎತ್ತಿ ನೋಡ್ತಾಳ. ನಾಕ ದಿನಕ್ಕ ರಾಮದುರ್ಗಕ್ಕ ಹೋಗೂದೈತಿ.”

“ರಾಮದುರ್ಗದಾಗ ಏನೈತಿ?”

“ಹೆಣ್ಣ ನೋಡೂದೈತ್ರಿ. ರಾಣಿ ಅಂತ ಹೆಸರು.” ಹಲ್ಲು ಕೀಳಿಸಲು ಹೊರಟವನ ಹಾಗೆ ಹೇಳಿದ.

“ಭಾಳ ಛಲೋ,” ಎಂದಳು ಮಹಾನಂದಾ. ಯಾಕೋ ಸ್ಕ್ಯಾನರಿನ ಪಿನ್ನು ಒಂದೇ ಸಲಕ್ಕೆ ಕೂಡಲಿಲ್ಲ.

ಸ್ಕ್ಯಾನರ್ ಸೆನ್ಸರಿನ ಹೀಟರಿನ ಕೋಡ್ ತೋರಿಸಿತು. ಸೈಲೆನ್ಸರ್ ಪೈಪಿನಲ್ಲಿ ಕುಳಿತು ಹೊಗೆಯ ವಾಸನೆ ನೋಡಿ, ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವುದು ಆ ಸೆನ್ಸರಿನ ಕೆಲಸ. ಆದರೆ ತಣ್ಣಗಿದ್ದಾಗ ಅದಕ್ಕೆ ಮೂಗೇ ಇಲ್ಲ. ಬೇಗ ಬಿಸಿಯಾಗಲಿ ಎಂದು ಅದರ ಹೊಟ್ಟೆಯಲ್ಲಿ ಒಂದು ಸಣ್ಣ ಹೀಟರ್ ಇಟ್ಟಿರುತ್ತಾರೆ. ದೋಷ ಆ ಹೀಟರಿನ ಲೈನಿನಲ್ಲಿತ್ತು. ಮಾಂತೇಶ ಮಹಾಶಯರು ಕೋಡ್ ಓದಿ, ಮುಂದಿನದನ್ನು ಓದದೆ, ಸೆನ್ಸರನ್ನೇ ಕಿತ್ತು ಬಿಸಾಕಿದ್ದರು.

“ಸ್ಕ್ಯಾನರ್ ಓಣಿ ಹೇಳತೈತಿ, ಮನಿ ನಾವ ಹುಡಕಬೇಕು,” ಎಂದಳು. “ಬ್ಯಾಟರಿ ಹಿಡೀರಿ. ನನ್ನ ಮಾರಿಗಲ್ಲ, ವಾಯರಿಗೆ.”

ಕಲ್ಮೇಶ ಗಡಬಡಿಸಿ ಬ್ಯಾಟರಿಯ ಬೆಳಕನ್ನು ವಾಯರಿಗೆ ತಿರುಗಿಸಿದ. ಅವನ ಕಿವಿ ಕೆಂಪಾದದ್ದು ಅವಳಿಗೆ ಓರೆಗಣ್ಣಿನಲ್ಲಿ ಕಂಡಿತು.

ಫ್ಯೂಸ್ ನೋಡಿದಳು, ಸರಿಯಿತ್ತು. ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ, ಸೆನ್ಸರಿನ ಎರಡು ಬಿಳಿ ವಾಯರುಗಳ ನಡುವೆ ಮೀಟರ್ ಹಿಡಿದಳು. ಹೀಟರೂ ಸರಿಯಿತ್ತು. ಅದಕ್ಕೆ ಕರೆಂಟು ತರುವ ಗಾಡಿಯ ಕಡೆಯ ಪಿನ್ನಿಗೆ ಮೀಟರ್ ಮುಟ್ಟಿಸಿದರೆ ಬ್ಯಾಟರಿಯ ಪೂರಾ ವೋಲ್ಟು ತೋರಿಸಿತು.

“ಕರೆಂಟ್ ಪೂರಾ ಬರಾಕತ್ತೈತಲ್ರಿ,” ಎಂದ ಕಲ್ಮೇಶ.

“ಮೀಟರ್ ಬರೇ ಮಾತಾಡಸ್ತೈತಿ, ಕೆಲಸಾ ಹಚ್ಚೂದಿಲ್ಲ. ಹೆಂಗದೀರಿ ಅಂತ ಬರೇ ಕೇಳಿದ್ರ ಎಲ್ಲಾ ಗಂಡಸರೂ ಭೇಷ್ ಅದೇವಿ ಅಂತಾರ. ಭಾರ ಹೊರಿಸಿದ ಮ್ಯಾಲ ಖರೆ ಗೊತ್ತಾಗೂದು.”

ಎರಡು ವಾಯರು ಕಟ್ಟಿದ ಹಳೆಯ ಇಂಡಿಕೇಟರ್ ಬಲ್ಬೊಂದನ್ನು ಅದೇ ಪಿನ್ನಿಗೆ ಹಿಡಿದಳು. ಬಲ್ಬು ಸತ್ತಂತೆ ಮಂಕಾಗಿ ಕೆಂಪಗಾಯಿತೇ ಹೊರತು ಬೆಳಗಲಿಲ್ಲ. ಭಾರ ಬಿದ್ದ ಕೂಡಲೇ ಕರೆಂಟು ದಾರಿಯಲ್ಲೇ ಕೈಚೆಲ್ಲುತ್ತಿತ್ತು. ಕನೆಕ್ಟರಿನ ಬಾಯಿಗೆ ಬೆಳಕು ಬಿಡಿಸಿ ನೋಡಿದಳು. ಪಿನ್ನಿನ ಸುತ್ತ ಹಸಿರು ಕಿಲುಬು, ಕಿಲುಬಿನ ಮೇಲೆ ಹಳದಿ ಪುಡಿ. ಮೂಗಿನ ಹತ್ತಿರ ಹಿಡಿದಳು.

“ದಸರಾದ ಖಂಡೇ ಪೂಜಿಗೆ ಕಾಯಿ ಎಲ್ಲಿ ಒಡದ್ರಿ?”

ಕಲ್ಮೇಶ ಬ್ಯಾಟರಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

“ಕೇಳಿದ್ದ ಕೇಳಿಸ್ತೇನ?”

“ಎಂಜಿನ್ ಮ್ಯಾಲ್ರಿ. ನಮ್ಮವ್ವ ಒಡದ್ಲು. ಯಲ್ಲಮ್ಮನ ಗುಡ್ಡದಿಂದ ತಂದ ಭಂಡಾರಾನೂ ಹಾಕಿದ್ಲು.”

“ಭೇಷ್! ಯಲ್ಲಮ್ಮ ಬಂದು ಪ್ಲಗ್ ಬದಲಿ ಮಾಡ್ತಾಳಂತ ತಿಳ್ಕೊಂಡೀರೇನ? ಮುಂದ ರಸ್ತೆದಾಗ ಅಷ್ಟ ದೊಡ್ಡ ಕಲ್ಲ ಬಿದ್ದಾವ, ಅದರ ಮ್ಯಾಲ ಒಡದ್ರ ದೇವಿ ಬ್ಯಾಡ ಅಂತಾಳ? ಇಡೀ ತಾಲೂಕಿಗೆ ಎಂಜಿನ್ನ ಬೇಕು. ಕಾಯಿ ನೀರ ಇಳದ ಪಿನ್ ತಿಂದೈತಿ ನೋಡ್ರಿ.”

ಕಲ್ಮೇಶ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: “ಅವ್ವಗ ಹೇಳಬ್ಯಾಡ್ರಿ. ತನ್ನ ಕೈಯಾರೆ ಆತು ಅಂದ್ರ ಮನಸಿಗೆ ಹಚ್ಕೋತಾಳ.”

“ಲೈಟಿಗೂ ಟೇಪ್, ಅವ್ವಗೂ ಟೇಪ್. ನಿಮ್ಮನ್ಯಾಗ ಟೇಪಿನ ಖರ್ಚ ಭಾಳ ಇರಬೇಕು.”

ಅವನು ನಕ್ಕುಬಿಟ್ಟ. ಬೈಸಿಕೊಂಡವನು ನಗುವುದನ್ನು ಮಹಾನಂದಾ ಅಷ್ಟಾಗಿ ಕಂಡಿರಲಿಲ್ಲ. ಸಿಟ್ಟಾಗುವವರು ಗೊತ್ತು, ಓಡಿ ಹೋಗುವವರು ಗೊತ್ತು. ಹಿಂಡಿಯ ಪುಡಿ ಹತ್ತಿದ ಹುಬ್ಬು ಎತ್ತಿ, ಇನ್ನೂ ಸ್ವಲ್ಪ ಬೈಯ್ಯಿರಿ ಎನ್ನುವಂತೆ ನಿಂತವನು ಇವನೊಬ್ಬನೇ.

ಕಿಲುಬು ಹಿಡಿದ ತುದಿ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಬೆಸುಗೆ ಮಾಡಿ, ಮೇಲೆ ಪ್ಲಾಸ್ಟಿಕ್ ಕೊಳವೆ ಏರಿಸಿ ಅದು ಬಿಗಿಯುವಂತೆ ಕಾಯಿಸಿದಳು. ನೀರು ಹೋಗದ ಹಾಗೆ ಒಳಗೆ ಗ್ರೀಸ್ ತುಂಬಿದಳು. ಅವಳು ಕೆಲಸ ಮಾಡುವಾಗ ಅವನು ಕೆಲಸವನ್ನೇ ನೋಡುತ್ತಿದ್ದ, ಅವಳ ಬೆರಳು ಹೋದಲ್ಲೆಲ್ಲ ಅವನ ಕಣ್ಣು ಹೋಗುತ್ತಿತ್ತು. ಒಮ್ಮೆ ಅವಳು ತಟ್ಟನೆ ತಲೆಯೆತ್ತಿದಳು. ಅವನು ಕಣ್ಣು ತಪ್ಪಿಸಲಿಲ್ಲ, ರೆಪ್ಪೆ ಮಾತ್ರ ಇಳಿಸಿ ಮತ್ತೆ ಎತ್ತಿದ. ಅಷ್ಟಕ್ಕೇ ಅವಳ ಕತ್ತಿನ ಹಿಂದೆ ಬಿಸಿಯಾಯಿತು.

“ಕೇಳ್ರಿ,” ಎಂದು ಕನೆಕ್ಟರ್ ಒತ್ತಿದಳು. ಟಕ್ ಎಂದಿತು. “ಈ ಸಪ್ಪಳ ಬಂತಂದ್ರ ಮುಗೀತು. ತಾನಾಗೆ ಬಿಚ್ಚೂದಿಲ್ಲ.”

ಸಂಪಗಾಂವದ ತನಕ ಗಾಡಿ ಓಡಿಸಿ ನೋಡಿದರು. ಅವನು ಓಡಿಸುತ್ತಿದ್ದ, ಅವಳು ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ರಸ್ತೆಯ ಎರಡೂ ಕಡೆ ಜೋಳ ಹಸಿರಾಗಿತ್ತು. ಕುಣಿ ಬಂದಲ್ಲೆಲ್ಲ ಅವನು ಸ್ಕ್ಯಾನರ್ ಜಿಗಿಯಬಾರದೆಂದು ಗಾಡಿಯನ್ನು ಹಗುರಾಗಿ ಇಳಿಸುತ್ತಿದ್ದ. ಅವಳು ಅದನ್ನು ನೋಡಿದಳು. ಈ ಮನುಷ್ಯ ತನಗೆ ಹಿಡಿಸಿದ್ದಾನೆ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. ಗೊತ್ತಾದದ್ದಕ್ಕೆ ಮೈಯೆಲ್ಲ ಉರಿಯಿತು. ನಾಲ್ಕು ದಿನದಲ್ಲಿ ರಾಮದುರ್ಗದ ರಾಣಿಯ ಮನೆಯಲ್ಲಿ ಅವಲಕ್ಕಿ ತಿನ್ನುವವನು!

ಲೈಟು ಹತ್ತಲಿಲ್ಲ. ಇಳಿಯುವಾಗ ಬಾಗಿಲನ್ನು ಧಡಲ್ಲೆಂದು ಹಾಕಿದಳು.

“ಹೋಗ್ ಬರ್ರಿ ರಾಮದುರ್ಗಕ್ಕ. ಆ ಹುಡಿಗೀಗರೆ ಟೇಪ್ ಹಚ್ಚಬ್ಯಾಡ್ರಿ.”

“ಬರತೇನ್ರಿ, ಮಿಸ್ತ್ರಿ,” ಎಂದ. ಮಿಸ್ತ್ರಿ ಎಂಬ ಮಾತನ್ನು ಅವಳಿಗೆ ಅವನ ಹಾಗೆ ನಗದೆ ಹೇಳಿದವರು ಇರಲಿಲ್ಲ.

ರಾಮದುರ್ಗಕ್ಕೆ ಹೋಗುವ ಹಿಂದಿನ ದಿನ ಬಿಳಿ ಕಾರು ಮತ್ತೆ ಬಾಗಿಲಿಗೆ ಬಂತು. ಕಲ್ಮೇಶ ಇಳಿದು ಕೈಕಟ್ಟಿ ನಿಂತ.

“ಲೈಟ್ ಹತ್ತೈತ್ರಿ.”

ಮಹಾನಂದಾ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಎದ್ದಳು. ಬಾನೆಟ್ ಎತ್ತಿದಳು. ಅವಳು ಕೂಡಿಸಿದ ಕನೆಕ್ಟರ್ ಬಾಯಿ ಬಿಟ್ಟುಕೊಂಡು ಜೋತಾಡುತ್ತಿತ್ತು.

ಒಳಗೆ ಕುಳಿತಿದ್ದ ಶಟ್ಟೆಪ್ಪ ಕೇಳಿದ: “ಟಕ್ ಅಂದಿತ್ತಿಲ್ಲೋ ಮಗಳ?”

“ಅಂದಿತ್ತಪ್ಪಾ.”

“ಮತ್ತ?”

ಮಹಾನಂದಾ ತನ್ನ ಕೈಯನ್ನೇ ತಾನು ತಿರುಗಿಸಿ ನೋಡಿಕೊಂಡಳು. ಕನೆಕ್ಟರ್ ಒತ್ತುವಾಗ ಅವನ ಕಣ್ಣು ನೋಡುತ್ತಿದ್ದೆನಲ್ಲ, ಅದಕ್ಕೇ ಕೈ ತಪ್ಪಿತು ಎಂದುಕೊಂಡಳು. ಥೂ, ಎಂದು ತನಗೆ ತಾನೇ ಉಗಿದುಕೊಂಡಳು. ಇಷ್ಟು ವರ್ಷ ಕಂಡವರನ್ನೆಲ್ಲ ಬೈದದ್ದು ಸಾಲದೆಂಬಂತೆ ಆ ದಿನ ತನ್ನನ್ನೇ ಬೈದುಕೊಂಡಳು. ಕನೆಕ್ಟರ್ ಒತ್ತಿ, ಮೇಲೆ ಪ್ಲಾಸ್ಟಿಕ್ ಟ್ಯಾಗ್ ಬಿಗಿದು, ಮುಖ ನೋಡದೆ ಕಳಿಸಿದಳು. ಲೈಟು ಮತ್ತೆ ಹತ್ತಿತ್ತೆಂದು ಅಂಜಿ ಕಲ್ಮೇಶನ ಅವ್ವ ಬಾಯವ್ವ ರಾಮದುರ್ಗದವರಿಗೆ ಬೇರೆ ದಿನ ಹೇಳಿದಳಂತೆ.

ಸುದ್ದಿಗೆ ಕಾಲು ಬೇಕೇ? ಆ ವಾರವೇ ಕಿತ್ತೂರಿಗೆ ಮುಟ್ಟಿತು. ಮಾಂತೇಶ ತನ್ನ ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತಾ, “ಹೆಣ್ಣಿನ ಕೈಯಾಗಿನ ಕೆಲಸಾ, ತಿರಗಿ ಬಂತಂತ” ಎಂದು ಬಂದವರಿಗೆಲ್ಲ ಹೇಳಿ ನಕ್ಕನಂತೆ. ಸೆನ್ಸರನ್ನೇ ಬದಲಿಸಿ, ಕೊನೆಗೆ ಟೇಪ್ ಅಂಟಿಸಿದ ಶೂರ! ಸವದತ್ತಿಯ ಕ್ರೂಸರ್ ಡ್ರೈವರ್ ಮಲ್ಲಿಕಾರ್ಜುನ ಹೆಡ್‌ಲೈಟ್ ಕೆಲಸಕ್ಕೆ ಬರುತ್ತೇನೆಂದವನು ಅಂಗಡಿಯ ಮುಂದೆಯೇ ಹಾದು ಬೇರೆ ಕಡೆ ಹೋದ. ಮಹಾನಂದಾ ಅದನ್ನು ಕಣ್ಣಾರೆ ಕಂಡಳು. ಅವತ್ತು ಅವಳಿಗೆ ಊಟ ಸೇರಲಿಲ್ಲ.

ರಾಮದುರ್ಗದವರಿಗೆ ಹೇಳಿದ ಬೇರೆ ದಿನವೂ ಬಂತು. ಅದರ ಹಿಂದಿನ ದಿನ ಬಿಳಿ ಕಾರೂ ಬಂತು.

“ಲೈಟ್...” ಎಂದ ಕಲ್ಮೇಶ.

“ಬಾಯಿ ಮುಚ್ರಿ.”

ಬಾನೆಟ್ ಎತ್ತಿ, ಬೆಳಕು ಬಿಟ್ಟು, ಈ ಸಲ ಮುಟ್ಟದೆ ನೋಡಿದಳು. ಟ್ಯಾಗ್ ಇರಲಿಲ್ಲ. ಅದರ ತುಂಡು ಕೆಳಗಿನ ತಗಡಿನಲ್ಲಿ ಬಿದ್ದಿತ್ತು. ಎತ್ತಿ ನೋಡಿದಳು. ಹರಿದದ್ದಲ್ಲ, ಚಾಕುವಿನಲ್ಲಿ ಕೊಯ್ದದ್ದು. ಕನೆಕ್ಟರಿನ ಅಂಚಿಗೆ ಹೊರಬಂದಿದ್ದ ಗ್ರೀಸಿನ ಮೇಲೆ ಒಂದು ದೊಡ್ಡ ಹೆಬ್ಬೆರಳು ಚೆಂದಾಗಿ ಮೂಡಿತ್ತು. ಗ್ರೀಸಿಗೆ ಕಂದು ಪುಡಿ ಅಂಟಿತ್ತು. ಮೂಗಿನ ಹತ್ತಿರ ಹಿಡಿದಳು. ಶೇಂಗಾ ಹಿಂಡಿ.

ಮಹಾನಂದಾ ನಿಧಾನವಾಗಿ ತಿರುಗಿದಳು.

“ಕೈ ತೋರಸ್ರಿ.”

ಕಲ್ಮೇಶ ಕೈ ಚಾಚಿದ. ಉಗುರಿನ ಸಂದಿಯಲ್ಲಿ ಅದೇ ಪುಡಿ, ಅದೇ ಗ್ರೀಸ್.

“ಹೂಂ ರಿ,” ಎಂದ. “ನಾನ ಕಿತ್ತೆ. ಎರಡೂ ಸಲ ನಾನ.”

“ಯಾಕ?”

“ಲೈಟ್ ಹತ್ತಿದ್ರ ಅವ್ವ ರಾಮದುರ್ಗಕ್ಕ ಬರೂದಿಲ್ಲ.” ತನ್ನ ಉಗುರು ನೋಡಿಕೊಂಡ. “ಮತ್ತ... ಲೈಟ್ ಹತ್ತಿದ್ರ ನಾ ಇಲ್ಲಿಗೆ ಬರಬೌದು.”

ಮೊದಲು ಬಂದದ್ದು ಸಂತೋಷವೇ. ಸುಳ್ಳು ಯಾಕೆ ಹೇಳಬೇಕು, ಕಾಲಡಿಯ ನೆಲ ಒಂದು ಗೇಣು ಮೇಲೆದ್ದಂತಾಯಿತು ಅವಳಿಗೆ. ಅದರ ಬೆನ್ನಿಗೇ ಸಿಟ್ಟು ಬಂತು, ಸಂತೋಷವನ್ನು ಪಕ್ಕಕ್ಕೆ ತಳ್ಳಿ ಮುಂದೆ ನಿಂತಿತು.

“ನಿಮ್ಮ ಬಾಯಿಗೆ ಏನಾಗಿತ್ತು?”

“ನಿಮ್ಮ ಮುಂದ ಬಾಯಿ ತಗದವ್ರ ಗತಿ ಕೇಳೇನ್ರಿ. ಅಂಜಿಕಿ ಬಂತು.”

“ಅಂಜಿಕಿ! ಅದಕ್ಕ ವಾಯರ್ ಕಿತ್ತ ಲೈಟಿನ ಕಡಿಂದ ಹೇಳಸ್ತೀರಿ? ಮಾಂತೇಶ ಲೈಟಿಗೆ ಟೇಪ್ ಹಚ್ಚಿದ, ನೀವು ಲೈಟ್ ಹಚ್ಚಿ ಬಾಯಿಗೆ ಟೇಪ್ ಹಚ್ಕೊಂಡ್ರಿ. ಅವಂಗಿಂತ ನೀವ ಕಡೆ.” ಟ್ಯಾಗಿನ ತುಂಡನ್ನು ಅವನ ಮುಂದೆ ಹಿಡಿದಳು. “ಕಿತ್ತೂರಾಗ ಏನಂತಾರ ಗೊತ್ತೈತೇನ? ಮಹಾನಂದಾನ ಕೆಲಸಾ ತಿರಗಿ ಬರತೈತಿ ಅಂತಾರ. ನನಗಿದ್ದದ್ದ ಅದೊಂದ ಹೆಸರ್ರಿ. ಅದನ್ನ ಕೊಯ್ದ ಕೆಳಗ ಒಗದೀರಿ, ಆ ಟ್ಯಾಗಿನ ಗತೆ. ನನ್ನ ಕೈ ಮ್ಯಾಲ ನನಗ ಸಂಶೆ ಬಂತು. ಎಂದೂ ಬಂದಿದ್ದಿಲ್ಲ ಅದು.”

ಕಲ್ಮೇಶನ ಮುಖ ಬಿಳಿಚಿತು. ಆಟ ಆಡಿದ ಮನುಷ್ಯನಿಗೆ ತಾನು ಏನು ಒಡೆದೆ ಎಂಬುದು ಆಗ ಕಂಡಿತು. “ನನಗ ಹೊಳೀಲಿಲ್ರಿ, ಖರೇನ ಹೊಳೀಲಿಲ್ಲ” ಎಂದ. ಅವಳು ಕೇಳಿಸಿಕೊಳ್ಳಲಿಲ್ಲ, ಬಾನೆಟ್ಟಿಗೆ ಬಗ್ಗಿದಳು.

ಕನೆಕ್ಟರಿನ ಎರಡು ತುದಿ ಅವಳ ಎರಡು ಕೈಯಲ್ಲಿದ್ದವು. ಸ್ವಲ್ಪ ಸಡಿಲ ಬಿಟ್ಟರೆ ಸಾಕು, ದೊಡವಾಡ ಮುಟ್ಟುವುದರೊಳಗೆ ಲೈಟು ಹತ್ತುತ್ತದೆ. ನಾಳೆ ಬಾಯವ್ವ ಗಾಡಿ ಹತ್ತುವುದಿಲ್ಲ. ರಾಮದುರ್ಗವಿಲ್ಲ, ರಾಣಿಯಿಲ್ಲ. ಅವಳ ಕೈ ಹಾಗೇ ನಿಂತಿತು. ಶಟ್ಟೆಪ್ಪ ಒಳಗೆ ಉಸಿರು ಹಿಡಿದು ಕಿವಿಗೊಟ್ಟಿದ್ದ.

ಟಕ್ ಎಂದಿತು.

“ನಾಳೆ ರಾಮದುರ್ಗಕ್ಕ ಹೋಗ್ರಿ,” ಎಂದಳು. “ಲೈಟ್ ಹತ್ತೂದಿಲ್ಲ. ನನ್ನ ಕೆಲಸಾ ನಿಮ್ಮ ಸಲುವಾಗಿ ಸುಳ್ಳ ಹೇಳೂದಿಲ್ಲ. ಏನರೆ ಹೇಳೂದಿತ್ತಂದ್ರ ನಿಮ್ಮ ಬಾಯಿಲೆ ಹೇಳ್ರಿ.”

ಮರುದಿನ ಮಹಾನಂದಾ ಮುಟ್ಟಿದ್ದಕ್ಕೆಲ್ಲ ಬೈದಳು. ಪಕ್ಕಡಿಗೆ ಬೈದಳು, ಸ್ಟೂಲಿಗೆ ಬೈದಳು, ಬೆಸುಗೆ ಹಾಕುವ ಕಡ್ಡಿ ಬಿಸಿಯಿದೆ ಎಂದು ಅದಕ್ಕೂ ಬೈದಳು.

“ಆ ಹಿಂಡಿ ಅಂಗಡಿಯಂವ ಈಗ ಎಲ್ಲಿ ಮುಟ್ಟಿರಬೇಕು?” ಎಂದ ಶಟ್ಟೆಪ್ಪ, ಯಾರನ್ನೂ ಕೇಳದವನ ಹಾಗೆ.

“ಬಾವ್ಯಾಗ ಬಿದ್ದಿರಬೇಕು. ನನಗೇನ?”

ಮಧ್ಯಾಹ್ನ ಮಲ್ಲಿಕಾರ್ಜುನನ ಕ್ರೂಸರ್ ಬಂದು ಅಂಗಡಿಯ ಮುಂದೆಯೇ ನಿಂತಿತು. ಇಳಿಯುವಾಗಲೇ ಅವನಿಗೆ ನಗು.

“ಅಕ್ಕಾ, ಮುಂಜಾನೆ ನಾ ಕಿತ್ತೂರಾಗ ಇದ್ದೆ. ಮಾಂತೇಶನ ಗ್ಯಾರೇಜ್ ತುಂಬ ಜನಾ. ಒಬ್ಬಾಂವ ಬಂದು ನಡುವ ನಿಂತು, ‘ವಾಯರ್ ಕಿತ್ತಾಂವ ನಾನು, ಮಿಸ್ತ್ರಿದು ಕೂದಲಷ್ಟೂ ತಪ್ಪಿಲ್ಲ, ಕಾಯಿ ನೀರಿಂದ ಪಿನ್ ಕೆಟ್ಟಿದ್ದ ಹುಡಕಿದವ್ರೂ ಅವರ’ ಅಂದ. ಯಾಕ ಕಿತ್ತೆಪಾ ಅಂದ್ರ, ‘ಅದನ್ನ ಹೇಳೂದು ಬ್ಯಾರೆದವ್ರ ಮುಂದೈತಿ’ ಅಂದ. ಜನಾ ಬಿದ್ದ ಬಿದ್ದ ನಕ್ರು. ಮಾಂತೇಶಂದು ಮಾರಿ ನೋಡಬೇಕಿತ್ತು ನೀ.”

“ಆಮ್ಯಾಲ?” ಎಂದಳು.

“ಆಮ್ಯಾಲ ಏನು? ಈಗ ಬರೂ ಮುಂದ ಅವನ ಗಾಡಿ ಕಂಡೆ. ಅವ್ವನ್ನ ಕುಂದ್ರಿಸ್ಕೊಂಡ ಮುನವಳ್ಳಿ ಕಡೆ ಹೊಂಟಿದ್ದ.”

ಮುನವಳ್ಳಿಯ ರಸ್ತೆ ರಾಮದುರ್ಗದ ರಸ್ತೆ. ಅವಳು ಹೆಡ್‌ಲೈಟ್ ಬಿಚ್ಚತೊಡಗಿದಳು. ಹೆಸರು ತಿರುಗಿ ಬಂದಿತ್ತು, ಖುಷಿಯಾಗಬೇಕಿತ್ತು. ಕಿತ್ತೂರಿನ ಸಂತೆಯಂಥ ಜನರ ಮುಂದೆ ಬಾಯಿ ಬಂದವನಿಗೆ ಮನೆಯ ಅವ್ವನ ಮುಂದೆ ಬರಲಿಲ್ಲವಲ್ಲ, ಹೇಡಿ, ಎಂದುಕೊಂಡಳು. ಕಣ್ಣಿಗೆ ಬಂದ ನೀರಿಗೂ ಬೈದಳು.

ಹೊತ್ತು ಇಳಿಯುವ ಮುಂಚೆ ಬಿಳಿ ಕಾರು ಬಂದು ಬಾಗಿಲಿಗೆ ನಿಂತಿತು. ಮುಂದಿನ ಸೀಟಿನಿಂದ ಇಳಕಲ್ ಸೀರೆಯ, ಹಣೆ ತುಂಬ ಕುಂಕುಮದ, ದಪ್ಪ ಬಳೆಯ ಹೆಂಗಸೊಬ್ಬಳು ಇಳಿದಳು. ಕೈಯಲ್ಲಿ ಚೀಲ. ಇಳಿದವಳು ಅಂಗಡಿಯನ್ನು ಮೇಲಿನಿಂದ ಕೆಳಗೆ ನೋಡಿದಳು, ಆಮೇಲೆ ಮಹಾನಂದಾಳನ್ನು ಕೆಳಗಿನಿಂದ ಮೇಲೆ ನೋಡಿದಳು. ಮಹಾನಂದಾಳ ನೋಟಕ್ಕೆ ಸಮನಾದ ತಾತ್ಸಾರ ಆ ನೋಟದಲ್ಲಿತ್ತು.

“ನೀನ ಏನ ಆ ಮಿಸ್ತ್ರಿ?”

“ಹೂಂ ರಿ. ನಾನ.”

“ನಾ ಬಾಯವ್ವ. ಇವನ ಅವ್ವ. ಇವನ್ನ ನೋಡಿದ್ರ ನಿನಗ ಗಂಡಸ ಅನಸ್ತೈತೇನ?”

“ಇನ್ನೂ ಅನಿಸಿಲ್ರಿ.”

ಬಾಯವ್ವನ ತುಟಿ ಒಂದು ಕಡೆಗೆ ಸರಿಯಿತು. “ಮುನವಳ್ಳಿ ದಾಟಿದ್ವಿ. ಗಾಡಿ ರಸ್ತೆ ಬಾಜೂಕ ಹಚ್ಚಿ ನಿಂದ್ರಿಸಿದ. ಲೈಟ್ ಹತ್ತಿಲ್ಲಲ್ಲೋ, ಯಾಕ ನಿಂದ್ರಿಸಿದಿ ಅಂದೆ. ‘ಲೈಟ್ ಹತ್ತೂದಿಲ್ಲ ಬೇ, ಈ ಸಲ ನಾನ ಹೇಳ್ತೇನಿ, ರಾಮದುರ್ಗ ಬ್ಯಾಡ, ನನ್ನ ಮನಸ ಆ ಮಿಸ್ತ್ರಿ ಮ್ಯಾಲ ಐತಿ’ ಅಂದ. ಹುಟ್ಟಿದಾಗಿಂದ ಹೂಂ ಅನ್ನೂದ ಬಿಟ್ಟ ಬ್ಯಾರೆ ಮಾತ ಇವನ ಬಾಯಾಗ ಕೇಳಿದ್ದಿಲ್ಲ ನಾ. ರಾಮದುರ್ಗದವ್ರಿಗೆ ಫೋನ್ ಹಚ್ಚಿ ಕೈ ಮುಗದೆ. ಬೈದ್ರು, ಬೈಸ್ಕೊಂಡೆ. ಸಂಪಗಾಂವದಾಗ ನನ್ನ ತಂಗಿ ಅದಾಳ, ಆಕಿ ಕಡೆ ನಿಮ್ಮ ಮನೆತನ ವಿಚಾರಿಸಿದೆ. ಹುಡಿಗಿ ಬಾಯಿ ಭಾಳ ಹರಿತ ಅಂದ್ಲು.”

“ಖರೆ ಹೇಳ್ಯಾರ್ರಿ.”

“ಹಂಗಾರ ಖರೆ ಹೇಳು. ಮದಲ ಲೈಟ್ ಯಾಕ ಹತ್ತಿತ್ತು? ಇವಂಗ ಕೇಳಿದ್ರ ವಾಯರ್ ಹಳೇದಾಗಿತ್ತು ಅಂತಾನ.”

ಬಾಯವ್ವನ ಬೆನ್ನ ಹಿಂದೆ ಕಲ್ಮೇಶ ಬೇಡ, ಬೇಡ ಎಂದು ತಲೆಯಾಡಿಸಿದ. ಮಹಾನಂದಾ ಅವನನ್ನು ನೋಡಿದಳು. ಈ ಹೆಂಗಸು ಸಿಟ್ಟಾಗಿ ತಿರುಗಿ ಹೋದರೆ ಎಲ್ಲ ಅಲ್ಲಿಗೆ ಮುಗಿಯಿತು. ಅದೂ ಗೊತ್ತಿತ್ತು.

“ನೀವು ಎಂಜಿನ್ ಮ್ಯಾಲ ಕಾಯಿ ಒಡದ್ರಿ. ನೀರ ಇಳದು ಪಿನ್ ತಿಂದಿತ್ತು. ಯಲ್ಲಮ್ಮಂದು ಏನೂ ಇಲ್ಲ ಅದರಾಗ.”

ಬಾಯವ್ವ ನಿಧಾನವಾಗಿ ಮಗನ ಕಡೆ ತಿರುಗಿದಳು.

“ನಿನಗ ಗೊತ್ತಿತ್ತೇನೋ?”

“ಹೂಂ ಬೇ. ನೀ ಮನಸಿಗೆ ಹಚ್ಕೋತಿ ಅಂತ...”

“ಭಾಡ್ಯಾ! ದೇವಿ ಸಿಟ್ಟಾಗ್ಯಾಳ, ಮನಿಗೆ ಏನ ಕೇಡ ಬರತೈತೋ ಅಂತ ಮಂಗಳವಾರ ಶುಕ್ರವಾರ ಹೊಟ್ಟಿ ಕಟ್ಟಿ ಉಪಾಸ ಮಾಡೇನಲ್ಲೋ! ನಿಮ್ಮಪ್ಪಗ ಒಂದ ಕೆಮ್ಮ ಬಂದ್ರ ಎದಿ ಒಡದ ಸಾಯಾಕತ್ತಿದ್ದೆ. ಕಾಯಿ ನೀರ ಬೇ ಅಂತ ಒಂದ ಮಾತ ಹೇಳಾಕ ನಿನ್ನ ಗಂಟೇನ ಹೋಗತಿತ್ತು?” ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಉಸಿರು ಬಿಟ್ಟಳು, ಬಹಳ ದಿನಗಳ ಭಾರ ಇಳಿಸಿದವಳ ಹಾಗೆ. “ದೇವಿ ಸಿಟ್ಟಾಗಿಲ್ಲ ಅಂದಂಗಾತು.”

“ಆಗಿಲ್ರಿ,” ಎಂದಳು ಮಹಾನಂದಾ, ಮೊದಲ ಸಲ ಮೆತ್ತಗೆ.

ಬಾಯವ್ವ ಚೀಲದಲ್ಲಿ ಕೈ ಹಾಕಿದಳು. ರಾಮದುರ್ಗದ ಹುಡುಗಿಗೆಂದು ಒಯ್ದದ್ದರಲ್ಲಿ ಹಸಿರು ಖಣವೊಂದನ್ನು ಅಲ್ಲೇ ಬಿಟ್ಟು, ತೆಂಗಿನಕಾಯಿ ಹೊರತೆಗೆದಳು.

“ಖಣ ಆ ಹುಡಿಗಿ ಸಲುವಾಗಿ ತಂದದ್ದು, ನಿನಗ ಹೊಸಾದ ತರತೇನಿ. ಕಾಯಿ ನಮ್ಮ ಮನಿ ಗಿಡದ್ದು.”

“ಎಂಜಿನ್ ಮ್ಯಾಲ ಒಡೀಬ್ಯಾಡ್ರಿ ಮತ್ತ.”

“ಒಡಿಯೂ ಕಾಯಿ ಅಲ್ಲಬೇ ಇದು, ಸೊಸಿಗೆ ಉಡಿ ತುಂಬೂ ಕಾಯಿ. ಉಡಿ ಒಡ್ಡು.”

ಮಹಾನಂದಾ ಕದಲಲಿಲ್ಲ. ಮುಖಕ್ಕೆಲ್ಲ ರಕ್ತ ಏರಿತ್ತು. ಬಾಯವ್ವ ಒಳಗೆ ಕುಳಿತ ಶಟ್ಟೆಪ್ಪನಿಗೆ, “ನೀವೇನಂತೀರ್ರಿ?” ಎಂದಳು.

“ನನ್ನ ಕೇಳಿ ಆಕಿ ಏನ ಮಾಡ್ಯಾಳ? ಆಕಿನ್ನ ಕೇಳ್ರಿ,” ಎಂದ ಶಟ್ಟೆಪ್ಪ. ದನಿ ಒದ್ದೆಯಾಗಿತ್ತು.

“ಮದಲ ಇವರು ಹೇಳ್ಲಿ,” ಎಂದಳು ಮಹಾನಂದಾ. “ಬಾಯಿ ಬಿಟ್ಟು.”

ಕಲ್ಮೇಶ ಮುಂದೆ ಬಂದ. ಹುಬ್ಬಿನ ಮೇಲೆ ಇವತ್ತು ಪುಡಿ ಇರಲಿಲ್ಲ.

“ಮಿಸ್ತ್ರಿ, ನಿಮ್ಮ ಮ್ಯಾಲ ನಂಗ ಭಾಳ ಜೀವ ಐತಿ. ನಿಮ್ಮ ಕೆಲಸಾ ಕೆಡಿಸಿದೆ, ತಪ್ಪಾತು. ಇನ್ನ ಮುಂದ ಏನಿದ್ರೂ ನಿಮ್ಮ ಮುಂದ ಬಾಯಿಲೆ ಹೇಳ್ತೇನಿ. ದಿನಾ ಬೈರಿ. ಅಂಗಡಿ ಬಿಡಬ್ಯಾಡ್ರಿ.”

ಮದುವೆಯಾದ ಮೇಲೆ ಬಿಡುತ್ತೀರಲ್ಲ ಎಂದು ಕೇಳಿದವರನ್ನೆಲ್ಲ ಬಾಗಿಲತನಕ ಬಿಟ್ಟು ಬಂದವಳು ಅವಳು. ಬಿಡಬೇಡಿ ಎಂದವನ ಮುಂದೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಸೊಂಟಕ್ಕೆ ಬಿಗಿದಿದ್ದ ಓಢಣಿಯ ಗಂಟು ಬಿಚ್ಚಿದಳು. ಅದಕ್ಕೆ ಗ್ರೀಸ್ ಮೆತ್ತಿತ್ತು. ಎರಡೂ ಕೈಯಿಂದ ಹರವಿ ಬಾಯವ್ವನ ಮುಂದೆ ಒಡ್ಡಿದಳು.

ಬಾಯವ್ವ ಕುಂಕುಮ ಹಚ್ಚಿ ಕಾಯಿ ಇಟ್ಟಳು. ಮಹಾನಂದಾಳ ಕಣ್ಣಿನಿಂದ ನೀರು ಇಳಿದು ಗಲ್ಲದ ಗ್ರೀಸಿನ ಮೇಲೆ ಹರಿಯಿತು. ಕಾಯಿಯನ್ನು ಎದೆಗೆ ಒತ್ತಿಕೊಂಡು, ತಲೆಯೆತ್ತಿ, ಕಲ್ಮೇಶನನ್ನು ನೋಡಿದಳು.

“ಕಾಯಿ ಸಣ್ಣದೈತಿ,” ಎಂದಳು.